ಅಗೆಯದ ಮಟ್ಟಿ

ಬೋರಯ್ಯ ಉಸ್ತಾದನೆಂದರೆ ಸಾಮಾನ್ಯನೇ? ಗರಡಿಯಲ್ಲಿ ಅವನು ಕೆಡವಿದ ಜಟ್ಟಿಗಳನ್ನು ಪೇರಿಸಿದ್ದರೆ ಒಂದು ಗುಡ್ಡವೇ ಆಗುತ್ತಿತ್ತು. ಮುರಿದ ಮೂಳೆ ಕೂಡಿಸುವುದರಲ್ಲೂ ಅಷ್ಟೇ. ಒಮ್ಮೆ ಆನೆಯ ಕಾಲಿಗೆ ತಾಳೆಮರ ಸೀಳಿ ಕಟ್ಟಿದ್ದ. ಆನೆ ಎದ್ದು, ಸೊಂಡಿಲೆತ್ತಿ ಸಲಾಮು ಹೊಡೆದು ಕಾಡಿಗೆ ಹೋಯಿತು. ನಂಬದವರು ಆನೆಯನ್ನೇ ಕೇಳಿಕೊಳ್ಳಲಿ.

ಅಂಥವನು ಊರಲ್ಲಿಲ್ಲದಾಗ ಕುಂಬಾರ ಸಾಕವ್ವನ ಮುರಿದ ಕೈ ಶಿಷ್ಯ ಚೆನ್ನಿಗನ ಪಾಲಿಗೆ ಬಂತು.

ಚೆನ್ನಿಗ ಬೆರಳ ತುದಿಯವರೆಗೂ ಬಿದಿರ ಪಟ್ಟಿಯಿಟ್ಟು ಬಿಗಿದ. ಮೂಳೆ ಕೂಡಿದ ಮೇಲೂ ಬಿಚ್ಚಲಿಲ್ಲ. ಗಟ್ಟಿಯಾಗಲಿ ಎಂದು ಇನ್ನಷ್ಟು ಬಿಗಿದ.

ಇವತ್ತು ಗರಡಿಯಲ್ಲಿ ಬಿಚ್ಚಿದರೆ ಮೂಳೆ ಉಕ್ಕಿನಂತಿತ್ತು. ಬೆರಳು ಮಾತ್ರ ಮಡಚಲೊಲ್ಲದು.

"ಮಣ್ಣು ಹಿಡೀದ ಕೈ ಇಟ್ಕೊಂಡು ನಾನೇನು ಮಾಡ್ಲೋ? ತಿಗರಿ ತಿರುಗಿದ್ರೇ ನನಗೆ ಅನ್ನ!"

ಚೆನ್ನಿಗ "ಹಲ್ಲು ಕಚ್ಕೋ ಅವ್ವಾ, ಬಗ್ಗಿಸಿಬಿಡ್ತೀನಿ" ಎಂದು ಬೆರಳು ಹಿಡಿದು ಒತ್ತಿದ. ಸಾಕವ್ವ ಚೀರಿದಳು.

"ಬಿಡೋ ಅವಳ ಕೈ!"

ಬಾಗಿಲಲ್ಲಿ ಉಸ್ತಾದ.

"ಗುರುಗಳೇ, ಮೂಳೆ ನನ್ನ ಮಾತು ಕೇಳ್ತು. ಈ ಮಾಂಸ ಯಾಕೆ ಹಟ ಹಿಡಿದಿದೆ?"

ಉಸ್ತಾದ ಬೆರಳುಗಳನ್ನು ಮುಟ್ಟಿ ನೋಡಿದ. "ಮಟ್ಟಿಗಿಳಿ" ಎಂದ ಚೆನ್ನಿಗನಿಗೆ.

ಕುಸ್ತಿಯ ಆ ಕೆಮ್ಮಣ್ಣನ್ನು ಉಸ್ತಾದ ಹೋದಾಗಿನಿಂದ ಯಾರೂ ಅಗೆದಿರಲಿಲ್ಲ. ಬಂಡೆಯಾಗಿತ್ತು.

ಉಸ್ತಾದ ಅವನನ್ನೆತ್ತಿ ಒಗೆದ. ನೆಲ ಮುಟ್ಟುವ ಮೊದಲೇ ಚೆನ್ನಿಗನ ಮೈಯೆಲ್ಲ ಸೆಟೆಯಿತು. ಕಿವಿಗೆ ಮುಷ್ಟಿ ಇದ್ದಿದ್ದರೆ ಅದನ್ನೂ ಬಿಗಿಹಿಡಿಯುತ್ತಿದ್ದ.

"ಮೈ ಯಾಕೋ ಸೆಟೆಸಿದೆ? ನಾನು ಹೇಳಿದ್ನಾ?"

"ಇಲ್ಲ... ನೆಲ ಗಟ್ಟಿ ಇತ್ತು. ಮೈ ತಾನಾಗೇ ಸೆಟೆದುಕೊಂಡಿತು."

ಉಸ್ತಾದ ಗುದ್ದಲಿ ಹಿಡಿದು ಒಂದು ಮೂಲೆ ಅಗೆದು ಹುಡಿಮಾಡಿದ. ಮತ್ತೆ ಎತ್ತಿದ, ಮತ್ತೆ ಒಗೆದ. ಚೆನ್ನಿಗ ಬೆಕ್ಕಿನಂತೆ ಉರುಳಿ ಎದ್ದು ನಿಂತ.

"ಈಗ ಸಡಿಲ ಬಿಡು ಅಂತ ಯಾರು ಹೇಳಿದ್ರು?"

ಚೆನ್ನಿಗನ ಕಣ್ಣು ಬಿಚ್ಚಿಟ್ಟ ಬಿದಿರ ಪಟ್ಟಿಯ ಮೇಲೆ ನಿಂತಿತು.

"ನಿಮ್ಮ ಕುಸ್ತಿ ಸಾಕು ಮಾಡ್ರಪ್ಪಾ!" ಸಾಕವ್ವ ಕೂಗಿದಳು. "ನನ್ನ ಕೈ ಬರುತ್ತೋ, ಇಲ್ವೋ?"

ಉಸ್ತಾದ ಉಗುರುಬೆಚ್ಚನೆಯ ಎಣ್ಣೆಯಲ್ಲಿ ಹಳೇ ಪಂಚೆ ಅದ್ದಿ ಅವಳ ಕೈಗೆ ಸಡಿಲಾಗಿ ಸುತ್ತಿದ. ಬಟ್ಟೆಯೊಳಗೇ ಬೆರಳುಗಳನ್ನು ಮೆಲ್ಲಗೆ ನೀವತೊಡಗಿದ. ಎಷ್ಟೋ ಹೊತ್ತು ನೀವುತ್ತಲೇ ಇದ್ದ.

ಕಿರುಬೆರಳು ಕೂದಲೆಳೆಯಷ್ಟು ಮಡಚಿತು.

ಸಾಕವ್ವ ಇನ್ನೊಂದು ಕೈಯಿಂದ ಬಾಯಿ ಮುಚ್ಚಿಕೊಂಡಳು.

"ಗುರುಗಳೇ, ಉಳಿದ ಬೆರಳಿಗೆ ನಾನೇನು ಹೇಳ್ಲಿ?"

ಉಸ್ತಾದ ಗುದ್ದಲಿಯನ್ನು ಅವನ ಕೈಗಿಟ್ಟ.

"ಬೆರಳಿಗೆ ಏನೂ ಹೇಳಬೇಡ. ಅದು ಮಲಗೋ ನೆಲ ಅಗೆ."