ನಕಲುಗಾರ ಪಾಯಣ್ಣನ ಎರಡು ಸಾಲು

ನಮ್ಮಜ್ಜಿಯ ಅಜ್ಜಿಗೂ ಹಿಂದಿನ ಕಾಲದಲ್ಲಿ ಪಾಯಣ್ಣ ಅಂತ ಒಬ್ಬನಿದ್ದನಂತೆ. ಆಗ ಅಚ್ಚಿನ ಪುಸ್ತಕ ಎಲ್ಲಿತ್ತು ಮಗಾ, ಹಳೇ ಕಾವ್ಯಾನೆಲ್ಲ ತಾಳೆಗರಿ ಮೇಲೆ ಕೊರೆದು ಕೊರೆದು ನಕಲು ಮಾಡ್ಬೇಕು, ಅದೇ ಅವನ ಕೆಲಸ. ಕಾಲು ಒತ್ತೋದು ನಿಲ್ಲಿಸ್ಬೇಡ, ಬೆಳಗಿಂದ ನಿಂತು ನಿಂತು ಬಿದ್ದುಹೋಗ್ತಿದೆ. ಹ್ಞಾ, ಹಾಗೆ. ಅವನಿಗೆ ಒಂದೇ ಆಸೆಯಂತೆ. ಊರ ಹೆಗ್ಗಡತಿಯ ಮನೆ ಗೂಡಲ್ಲಿ, ದೊಡ್ಡ ದೊಡ್ಡ ಕವಿಗಳ ಓಲೆಕಟ್ಟಿನ ಪಕ್ಕ, ತಾನೇ ಬರೆದದ್ದೂ ಒಂದು ಕೂರಬೇಕು ಅಂತ. ಹೆಗ್ಗಡತಿ ಚೆನ್ನಾಗಿ ಓದಿಕೊಂಡ ಹೆಂಗಸು. ಆಗಲಪ್ಪ, ಮೂರು ಸಲ ತಂದು ತೋರಿಸು, ಮೂರೂ ಹಿಡಿಸ್ಲಿಲ್ಲ ಅಂದ್ರೆ ಆಸೆ ಬಿಟ್ಟು ನಕಲು ಮಾಡ್ಕೊಂಡಿರು ಅಂದಳಂತೆ.

ಬರೆಯೋಕೆ ಬರಬೇಕಾದ್ರೆ ಹಳಬರನ್ನ ಅರೆದು ಕುಡೀಬೇಕು ಅಂತ ಪಾಯಣ್ಣ ಮನೆ ಎದುರಿನ ಕಟ್ಟೇಲಿ ಕೂತು ಕತ್ತಲಾಗೋ ತನಕ ನಕಲು ಮಾಡೋನು, ಮಾಡಿದ್ದನ್ನ ಬಾಯಿಪಾಠ ಮಾಡೋನು, ಆಮೇಲೆ ಸಮುದ್ರದ ಮೇಲೆ ಒಂದು ಬರೆದು ತಗೊಂಡ್ಹೋದನಂತೆ. ಸಮುದ್ರ ನೋಡಿದೀಯೇನೋ ಅಂತ ಹೆಗ್ಗಡತಿ ಕೇಳಿದ್ಲು. ಇಲ್ಲ ಅವ್ವಾ ಅಂದ. ಹಾಗಾದ್ರೆ ಈ ಅಲೆಗಳು ಯಾರ ಕಾವ್ಯದ್ದು ಅಂತ ನಂಗೆ ಗೊತ್ತು, ತಗೊಂಡ್ಹೋಗು ಅಂದಳಂತೆ. ಆಮೇಲೆ ಇನ್ನಷ್ಟು ಓದಿ ಯುದ್ಧದ ಮೇಲೆ ಬರೆದ. ಮನೆಗೆ ಹಾವು ಬಂದ್ರೆ ಮಂಚ ಹತ್ತೋ ಗಂಡಸು, ಆನೆ ಕುದುರೆ ಎಲ್ಲ ಕಡಿದು ಹಾಕಿದ್ದ! ಅದೂ ವಾಪಸ್ಸು. ಆಮೇಲೆ ವಿರಹದ ಮೇಲೆ ಬರೆದನಂತೆ. ನಿನ್ನ ಹೆಂಡ್ತಿ ಪದುಮವ್ವ ಎಲ್ಲಿಗಾದ್ರೂ ಹೋಗಿದಾಳೇನೋ ಅಂತ ಕೇಳಿದ್ರೆ, ಇಲ್ಲ ಅವ್ವಾ, ಮನೇಲೇ ಇದಾಳೆ ಅಂತ ತಲೆ ತಗ್ಗಿಸಿದ. ಮೂರೂ ಹೋಯ್ತು.

ಪಾಪ, ಅಳೋಕೂ ಶಕ್ತಿ ಇರ್ಲಿಲ್ಲವಂತೆ. ಹೆಗ್ಗಡತಿ ಒಪ್ಪಿಸಿದ್ದ ನಕಲು ಬಾಕಿ ಇತ್ತು, ಮತ್ತೆ ಅದರ ಮುಂದೆ ಕೂತ, ಹೇಗೋ ಮುಗಿಸಿದ. ಆಗೆಲ್ಲ ಒಂದು ಪದ್ಧತಿ ಇತ್ತಂತೆ, ನಕಲು ಮುಗಿದ ಮೇಲೆ ಕೊನೇ ಗರೀಲಿ ಬರೆದೋನು ತನ್ನದೂ ಎರಡು ಸಾಲು ಸೇರಿಸಬಹುದು. ಅದನ್ನ ಯಾರೂ ಕಾವ್ಯ ಅನ್ನಲ್ಲ, ಓದೋರೂ ಇಲ್ಲ. ಅಲಂಕಾರ ಹುಡುಕೋಕೆ ಬೇಜಾರಾಗಿ, ಕೈಗೆ ಬಂದಿದ್ದನ್ನ ಬರೆದುಬಿಟ್ಟನಂತೆ:

ಗಂಜಿ ಆರಿತು, ಮಡದಿ ಕರೆದಳು, ಬಂದೆ ಬಂದೆನು ಎಂದೆನು
ಬಂದೆ ಎಂದವನೇಳದಾದೆನು, ತಲೆಯು ನರೆಯಿತು ಅವಳದು

ಸಾಲಿನ ಕುಣಿತ ಹಳಬರದೇ ಕಣೋ, ಅಷ್ಟು ವರ್ಷ ಬರೆದ ಕೈಗೆ ಅದು ಹತ್ತಿಬಿಟ್ಟಿತ್ತು. ಸಂಕಟ ಮಾತ್ರ ಅವನದು.

ಹೆಗ್ಗಡತಿ ಕೊನೇ ಗರಿ ತನಕ ಓದಿದಳಂತೆ. ಅವನನ್ನ ಕರೆಸಿದಳಂತೆ. ಇದು ಯಾರ ಕಾವ್ಯದ್ದೂ ಅಲ್ಲ ಪಾಯಣ್ಣ, ನಿಂಗೆ ಗೂಡಲ್ಲಿ ಜಾಗ ಉಂಟು, ಇದನ್ನೇ ಮುಂದಕ್ಕೆ ಬರಿ ಅಂದಳು. ಈ ಪುಣ್ಯಾತ್ಮ ಈಗ್ಲೇ ಬರೀತೀನಿ ಅವ್ವಾ ಅಂತ ಗರಿಗೆ ಕೈ ಹಾಕಿದನಂತೆ! ಥೂ ನಿನ್ನ, ಬರೆದದ್ದನ್ನ ನೀನೇ ಓದ್ಲಿಲ್ವಲ್ಲೋ, ಮೊದ್ಲು ಮನೆಗೆ ನಡಿ ಅಂತ ಬೈದು ಕಳಿಸಿದಳಂತೆ.

ಹೋದ. ಬಿಸಿಲಿರುವಾಗಲೇ ಬಾಗಿಲಲ್ಲಿ ನಿಂತ ಗಂಡನ್ನ ನೋಡಿ ಪದುಮವ್ವ ಗಾಬರಿಯಾಗಿ, ಏನ್ರೀ, ಮೈಗೆ ಹುಷಾರಿಲ್ವಾ ಅಂದಳಂತೆ.

ಇಲ್ಲ ಕಣೇ, ಹಸಿವು ಅಂದನಂತೆ. ಆಮೇಲೆ ಇಬ್ಬರೂ ಕೂತು ಬಿಸಿಬಿಸಿ ಉಂಡರು, ಕಾವ್ಯವೂ ನಿಧಾನಕ್ಕೆ ಆಯ್ತು, ಗೂಡಿಗೂ ಸೇರ್ತು. ನನ್ನ ಕತೆ ಇಷ್ಟೇ ಮಗಾ. ಸಾಕು, ಕಾಲು ಬಿಡು, ಮಲಕ್ಕೋ.