ಹೆಸರಿಲ್ಲದ ನೋವಿಗೆ ವಿಭೂತಿ

ಮಾತೆ ಗುರುಶಾಂತಮ್ಮನವರ ಮಠವೆಂದರೆ ಎರಡು ಖೋಲಿ, ಒಂದು ಪಡಸಾಲೆ, ಅಷ್ಟೇ. ಅಂದು ಬೆಳಿಗ್ಗೆ ಅವರು ಚಾಪೆಯ ಮೇಲೆ ಕುಳಿತು ದಾಸೋಹಕ್ಕಾಗಿ ಮೆಂತ್ಯದ ಸೊಪ್ಪು ಬಿಡಿಸುತ್ತಿದ್ದರು. ಆಗ ಊರಲ್ಲಿ ರೊಟ್ಟಿ ಊಟದ ಖಾನಾವಳಿ ನಡೆಸುವ ರಾಚಪ್ಪ ಹೆಂಡತಿ ಕಾಶವ್ವನನ್ನು ಕರೆದುಕೊಂಡು ಬಂದ. ಆಪರೇಷನ್ನಿಗೆ ಮುಂಚೆ ಮಾತೆಯವರ ಕೈಯಿಂದ ವಿಭೂತಿ ಪಡೆಯುವುದು ಆ ಸೀಮೆಯ ರೂಢಿ. ರಾಚಪ್ಪನಿಗೆ ಇದರಲ್ಲಿ ನಂಬಿಕೆ ಅಷ್ಟಕ್ಕಷ್ಟೆ. ಹೆಂಡತಿ ಹಟ ಹಿಡಿದಳೆಂದು ಬಂದಿದ್ದ.

ಕಾಶವ್ವನಿಗೆ ಮೂರು ವರ್ಷದಿಂದ ಕಿಬ್ಬೊಟ್ಟೆಯಲ್ಲಿ ನೋವು. ಸ್ಕ್ಯಾನಿಂಗಿನಲ್ಲಿ ಏನೂ ಕಾಣಲಿಲ್ಲ. ಕೊನೆಗೆ ಪೇಟೆಯ ಡಾಕ್ಟರು, ಗರ್ಭಚೀಲ ತೆಗೆದುಬಿಡೋಣ ಎಂದು ಸೋಮವಾರಕ್ಕೆ ಗೊತ್ತುಮಾಡಿದ್ದರು. ಆಕೆಗಿನ್ನೂ ಮೂವತ್ತೊಂದು.

"ಯಾವ ರೋಗ ಅಂದ್ರು?" ಮಾತೆಯವರು ಕೇಳಿದರು.

"ಹೆಸರೇನೂ ಹೇಳಿಲ್ರಿ ಅವ್ವಾರ. ತೆಗೆದ್ರ ನೋವು ಹೋಗಬಹುದು ಅಂದ್ರು," ಎಂದ ರಾಚಪ್ಪ.

ಮಾತೆಯವರ ಕೈ ಸೊಪ್ಪಿನ ಮೇಲೆ ನಿಂತಿತು. ಹೊಸ ಊರಿಗೆ ಬಂದವರು ದಾರಿ ವಿಚಾರಿಸುವಂತೆ ಒಂದೊಂದೇ ಕೇಳತೊಡಗಿದರು. ಕೂತಾಗ ಹೆಚ್ಚೋ, ಮಲಗಿದಾಗಲೋ? ಮುಟ್ಟಿನ ದಿನ ಮಾತ್ರವೋ, ದಿನವೂ ಇದೆಯೋ? ಪ್ರತಿಯೊಂದಕ್ಕೂ ರಾಚಪ್ಪನೇ ಉತ್ತರ ಕೊಟ್ಟ. ಗಲ್ಲಾದ ಮೇಲೆ ಕೂತು ಗಿರಾಕಿಗಳನ್ನು ಮಾತಿನಲ್ಲೇ ಹಿಡಿದಿಡುವ ಮಾತಿನ ಮಲ್ಲ, ಸುಮ್ಮನಿರುವುದು ಹೇಗೆ?

"ರಾಚಪ್ಪಾ, ನೋವು ಯಾರಿಗೈತಿ?"

ಮಾತೆಯವರು ಕಾಶವ್ವನ ಕಡೆ ತಿರುಗಿ ಕುಳಿತರು. ಕಾಶವ್ವ ತಲೆ ತಗ್ಗಿಸಿಯೇ ಹೇಳಿದಳು.

"ಮುಂಜಾನಿಂದ ಸಂಜೀಮಟ ರೊಟ್ಟಿ ಬಡೀತೇನ್ರಿ. ಖಾನಾವಳ್ಯಾಗ ಹೆಂಗಸರಿಗೆ ಒಂದಕ್ಕ ಹೋಗಾಕ ಜಾಗಾ ಇಲ್ಲ. ಅದಕ್ಕ ನೀರ ಕುಡ್ಯಾಂಗಿಲ್ಲ, ಬಿಗಿಹಿಡ್ಕೊಂಡ ಕುಂದರ್ತೇನಿ. ಈಗ ಮನೀಗೆ ಬಂದ್ರೂ ಆ ಬಿಗಿ ಬಿಡವಲ್ದು."

"ಡಾಕ್ಟರಿಗೆ ಇದನ್ನ ಹೇಳಿಯೇನವಾ?"

"ಅವರು ನನ್ನ ಕೇಳಲಿಲ್ರಿ, ಇವರನ್ನ ಕೇಳಿದ್ರು."

ರಾಚಪ್ಪನ ಮುಖ ಕಪ್ಪಿಟ್ಟಿತು. ಹನ್ನೊಂದು ವರ್ಷ ಒಂದೇ ಸೂರಿನಡಿ ದುಡಿದರೂ ಈ ಮಾತು ಅವನ ಕಿವಿಗೆ ಬಿದ್ದಿರಲಿಲ್ಲ.

ಮಾತೆಯವರು ವಿಭೂತಿ ಕೊಡಲಿಲ್ಲ. "ಹೆಸರಿಲ್ಲದ ರೋಗಕ್ಕ ನಾ ಏನಂತ ಹರಸಲಿ? ಸೋಮವಾರದ್ದು ನಿಲ್ಲಿಸಿ ಇನ್ನೊಬ್ಬ ಡಾಕ್ಟರಿಗೆ ತೋರಿಸ್ರಿ. ಅಲ್ಲಿ ಈಕಿ ಮಾತಾಡ್ಲಿ."

ಹುಬ್ಬಳ್ಳಿಯ ಲೇಡಿ ಡಾಕ್ಟರು ಅರ್ಧ ತಾಸು ಕಾಶವ್ವನ ಮಾತನ್ನೇ ಕೇಳಿದರು. ಪರೀಕ್ಷಿಸಿ, ಗರ್ಭಚೀಲಕ್ಕೆ ಏನೂ ಆಗಿಲ್ಲ, ವರ್ಷಗಟ್ಟಲೆ ಬಿಗಿಹಿಡಿದು ಕಿಬ್ಬೊಟ್ಟೆಯ ತಳದ ಸ್ನಾಯುಗಳು ಸೆಟೆದುಕೊಂಡಿವೆ ಎಂದರು. ವ್ಯಾಯಾಮ ಕಲಿಸಿದರು, ನೀರು ಕುಡಿಯಲು ಹೇಳಿದರು. ನಾಲ್ಕು ತಿಂಗಳಲ್ಲಿ ನೋವು ಬಹುಪಾಲು ಇಳಿಯಿತು.

ರಾಚಪ್ಪ ತೆಂಗಿನಕಾಯಿ ಹಿಡಿದು ಮಠಕ್ಕೆ ಓಡಿಬಂದು ಪಾದಕ್ಕೆ ಬಿದ್ದ. "ಅವ್ವಾರ, ಯಾರಿಗೂ ತಿಳೀಲಾರದ್ದು ನಿಮಗ ಹೆಂಗ ತಿಳೀತ್ರಿ?"

ಮಾತೆಯವರು ನಕ್ಕರು. "ನನಗೂ ತಿಳೀಲಿಲ್ಲಪ್ಪಾ. ಅದಕ್ಕ ಕೇಳಿದೆ."

ಹುಬ್ಬಳ್ಳಿಯಿಂದ ಬಂದ ವಾರವೇ ಖಾನಾವಳಿಯ ಹಿಂದೆ ಹೆಂಗಸರಿಗೊಂದು ಪಾಯಖಾನೆ ಎದ್ದಿತ್ತು. ಮಠಕ್ಕೆ ಹೋಗಿಬಂದ ಮೇಲೆ ಒಂದು ಮಧ್ಯಾಹ್ನ ರಾಚಪ್ಪ ಗಲ್ಲಾ ಬಿಟ್ಟು ಒಳಗೆ ಬಂದ. ಕಾಶವ್ವನ ಜೊತೆ ರೊಟ್ಟಿ ಬಡಿಯುವ ಇಬ್ಬರು ಹೆಂಗಸರನ್ನು, "ನಿಮಗೂ ಏನರ ತ್ರಾಸ ಐತೇನ್ರವಾ?" ಎಂದು ಕೇಳಿದ. ಅವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ರಾಚಪ್ಪ ಒಲೆಯ ಪಕ್ಕ ನೆಲದ ಮೇಲೆಯೇ ಕುಳಿತು, ಅವರು ಬಾಯಿ ಬಿಡುವವರೆಗೂ ಕಾದ.