ದಾರಿ ಹೇಳುವವನ ಊಟ

ನಿರುಪಾದಿ ಗುರುಗಳನ್ನು ಕೇಳಿದ: “ಅಜ್ಜಾರೆ, ಜಾಹೀರಾತಿಲ್ಲದೆ ಒಂದು ವೆಬ್‌ಸೈಟ್ ಬದುಕೀತೇ?”

ಅವನು ದನಕರುಗಳ ಕಾಯಿಲೆಗಳ ಬಗ್ಗೆ ಅಂತರ್ಜಾಲದಲ್ಲಿ ಬರೆಯುತ್ತಿದ್ದ. ಸಾವಿರಾರು ರೈತರು ಅದನ್ನು ಪುಕ್ಕಟೆಯಾಗಿ ಓದುತ್ತಿದ್ದರು. ಈಗ ಅದನ್ನು ನಡೆಸುವ ಶಕ್ತಿ ಅವನಲ್ಲಿ ಉಳಿದಿರಲಿಲ್ಲ. ಖರ್ಚೆಲ್ಲ ನಮ್ಮದು, ನಮ್ಮ ಹಿಂಡಿಯ ಜಾಹೀರಾತು ಹಾಕಿ ಎಂದು ಪಶು ಆಹಾರದ ಕಂಪನಿಯೊಂದು ಕೇಳಿತ್ತು. ಒಪ್ಪಬೇಕು, ಇಲ್ಲವೇ ತಿಂಗಳ ಕೊನೆಗೆ ಮುಚ್ಚಬೇಕು.

“ಪುಕ್ಕಟೆ ಕೊಡುವವನಿಗೆ ಹೊಟ್ಟೆಯೇ ಇರುವುದಿಲ್ಲ ಅಂದುಕೊಂಡಿದ್ದೆಯೇನೋ? ಕೂತುಕೋ, ಕೇಳು,” ಎಂದು ಗುರುಗಳು ಶುರುಮಾಡಿದರು.

ಕಾಡಂಚಿನಲ್ಲಿ ಒಂದು ಕವಲುದಾರಿ. ಬಲಗಡೆಯ ದಾರಿ ಹತ್ತಿರದ್ದು, ಆದರೆ ನಡುವೆ ಒಂದು ಹಳ್ಳ. ಎಡಗಡೆಯದು ಬಲು ಸುತ್ತು. ಹಳ್ಳ ಇವತ್ತು ದಾಟುವಂತಿದೆಯೋ ಇಲ್ಲವೋ ಎಂದು ಹೇಳಲು ಕವಲಿನಲ್ಲಿ ಒಬ್ಬ ಕೂರುತ್ತಿದ್ದ. ಬೆಳಗಾಗುತ್ತಲೇ ಹೋಗಿ ನೀರು ನೋಡಿಕೊಂಡು ಬರುವನು, ಸಂಜೆಯವರೆಗೆ ಬಂದವರಿಗೆಲ್ಲ ಹೇಳುವನು. ಅವನನ್ನು ಯಾರೂ ನೇಮಿಸಿರಲಿಲ್ಲ. ಅವನ ತಮ್ಮ ಅದೇ ಹಳ್ಳದಲ್ಲಿ ಕೊಚ್ಚಿಹೋಗಿದ್ದ, ಅಷ್ಟೇ.

ಅಲ್ಲೇ ಕೂತರೆ ಕೂಲಿಗೆ ಹೋಗುವುದು ಯಾವಾಗ? ಮನೆಯಲ್ಲಿ ಗಂಜಿಗೂ ತತ್ವಾರ ಬಂತು. ಆಗ ಎಡದಾರಿಯ ಖಾನಾವಳಿಯವನು ಬಂದ. “ಎರಡು ಹೊತ್ತು ಊಟ ಕಳಿಸ್ತೀನಿ. ಎಡಗಡೆ ನನ್ನ ಖಾನಾವಳಿ ಇದೆ ಅಂತ ಒಂದು ಮಾತು ಹಾಕು, ಸಾಕು,” ಅಂದ. ಅದರಲ್ಲಿ ತಪ್ಪೇನು ಹೇಳು? ಖಾನಾವಳಿ ಇದ್ದದ್ದು ನಿಜ, ಊಟ ರುಚಿಯಾಗಿದ್ದದ್ದೂ ನಿಜ. ಇವನು ಒಪ್ಪಿದ.

ಹಳ್ಳ ಇಳಿದ ದಿನಗಳಲ್ಲಿ ಎಲ್ಲರೂ ಬಲಕ್ಕೇ ಹೋದರು. ಬುತ್ತಿ ತಡವಾಗಿ ಬಂತು. ಮರುದಿನ ಇನ್ನೂ ತಡ. ಯಾರೂ ಏನೂ ಅನ್ನಲಿಲ್ಲ, ನೋಡು. ಇವನೇ ಅರ್ಥ ಮಾಡಿಕೊಂಡ. ಮೊಣಕಾಲುದ್ದದ ನೀರನ್ನು ಎದೆಯುದ್ದ ಅನ್ನತೊಡಗಿದ. ಬುತ್ತಿ ಮತ್ತೆ ಹೊತ್ತಿಗೆ ಸರಿಯಾಗಿ ಬಂತು.

ಒಂದು ದಿನ ಒಬ್ಬ ಹೆಂಗಸು ಏದುಸಿರು ಬಿಡುತ್ತ ಓಡಿಬಂದಳು. “ಮಗಳಿಗೆ ಹೆರಿಗೆ ನೋವು. ಸೂಲಗಿತ್ತಿಯನ್ನು ಕರಕೊಂಡು ಬರಬೇಕು. ಹಳ್ಳ ಹೇಗಿದೆಯಣ್ಣ?”

“ತುಂಬಿದೆ ತಾಯಿ, ಎಡಕ್ಕೆ ಹೋಗು.”

ಹೇಳಿ ಹೇಳಿ ರೂಢಿಯಾಗಿದ್ದ ಮಾತು, ತಾನಾಗಿ ಬಂದುಬಿಟ್ಟಿತು. ಅವಳು ಎಡಕ್ಕೆ ಓಡಿದಳು. ಆಮೇಲೆ ಇವನಿಗೆ ತಾನು ಹೇಳಿದ್ದೇನೆಂದು ಹೊಳೆಯಿತು. ಬಿದ್ದು ಎದ್ದು ಹಿಂದೆ ಓಡಿ, “ನಿಲ್ಲು ತಾಯಿ! ಹಳ್ಳ ಇಳಿದಿದೆ, ಬಲಕ್ಕೆ ಹೋಗು!” ಎಂದು ಕೂಗಿಕೊಂಡ.

“ಮತ್ತೆ ತುಂಬಿದೆ ಅಂದೆಯಲ್ಲ?”

“ಆಗ ನನ್ನ ಹೊಟ್ಟೆ ಮಾತಾಡಿತು ತಾಯಿ.”

ಅವಳು ಬಲಕ್ಕೆ ಓಡಿದಳು. ಅಂದು ಬಂದ ಬುತ್ತಿಯನ್ನು ಇವನು ಮುಟ್ಟದೆ ವಾಪಸು ಕಳಿಸಿದ. ಎರಡು ದಿನ ಉಪವಾಸ ಕೂತ. ಇನ್ನು ಆಗುವುದಿಲ್ಲ ಎಂದು ಮೂರನೆಯ ದಿನ ಕವಲು ಬಿಟ್ಟು ಕೂಲಿಗೆ ಹೊರಟ. ಎದುರಿಗೆ ಆ ಹೆಂಗಸು ನಗುತ್ತ ಬಂದಳು. ಬಾಣಂತಿ, ಮಗು ಇಬ್ಬರೂ ಕ್ಷೇಮ. ಎಲ್ಲಿಗೆ ಹೊರಟೆ ಎಂದಳು. ಇವನು ಇದ್ದದ್ದನ್ನೆಲ್ಲ ಹೇಳಿದ. ಅವಳು ಹಣೆ ಚಚ್ಚಿಕೊಂಡಳು.

“ಅಯ್ಯೋ, ನಮ್ಮ ಮುಖಕ್ಕಿಷ್ಟು ಬೆಂಕಿ ಹಾಕ! ನಿನ್ನನ್ನು ಯಾರೋ ದೊಡ್ಡವರು ಇಲ್ಲಿ ಕೂರಿಸಿದ್ದಾರೆ, ಊಟ ಅವರೇ ಹಾಕ್ತಾರೆ ಅಂತ ಊರೆಲ್ಲ ಅಂದುಕೊಂಡಿತ್ತಲ್ಲಣ್ಣ!”

ಓದುವ ಮಕ್ಕಳಿಗೆ ವಾರಾನ್ನ ಹಾಕುವ ಹಾಗೆ ಏಳು ಮನೆಯವರು ದಿನಕ್ಕೊಂದು ಮನೆಯಂತೆ ಅವನ ಊಟವನ್ನು ಹಂಚಿಕೊಂಡರು. ದಾರಿ ಕೇಳಿದವರೆಲ್ಲ ಕೊಟ್ಟರೇ? ಎಲ್ಲಿಯ ಮಾತು! ನೂರಾರು ಜನ ಕೇಳಿಕೊಂಡು ಸುಮ್ಮನೆ ಹೋದರು. ಅವರಿಗೂ ಅವನು ಹಳ್ಳ ಇದ್ದದ್ದು ಇದ್ದ ಹಾಗೇ ಹೇಳಿದ. ಹೊಟ್ಟೆ ತುಂಬಲು ಏಳು ಮನೆ ಸಾಕಾಗಿತ್ತು. ಖಾನಾವಳಿ ಎಲ್ಲಿದೆ ಎಂದು ಕೇಳಿದವರಿಗೆ ಅದನ್ನೂ ಸಂತೋಷವಾಗಿ ತೋರಿಸಿದ.

ಗುರುಗಳು ಕತೆ ಮುಗಿಸಿದರು. ನಿರುಪಾದಿ ನಿಟ್ಟುಸಿರು ಬಿಟ್ಟ. “ಅವನ ಪುಣ್ಯ, ಏಳು ಮನೆ ಸಿಕ್ಕವು. ನನಗೆ ಎಲ್ಲಿ ಸಿಗಬೇಕು, ಅಜ್ಜಾರೆ?”

ಗುರುಗಳು ಕೇಳಿದರು: “ಹಸಿದಿದ್ದೇನೆ ಅಂತ ನಿನ್ನ ಓದುಗರಿಗೆ ಯಾವತ್ತು ಹೇಳಿದೆಯಪ್ಪ?”